ಎಷ್ಟು ದಿನ ಇರ್ತೀರಾ?

ಸೋಮವಾರ ಬೆಳಗ್ಗೆ ಏಳೂವರೆಗೆ ಹಾಜರಿ ಪುಸ್ತಕ ತೆಗೆದು ಕೂತಿದ್ದೆ. ಮೇಸ್ತ್ರಿ ಒಂದು ಸಂಸಾರವನ್ನು ಕರೆದುಕೊಂಡು ಬಂದ. ಗಂಡ, ಹೆಂಡತಿ, ಏಳೆಂಟು ವರ್ಷದ ಹುಡುಗಿ, ಹೆಂಡತಿಯ ಸೊಂಟದ ಮೇಲೆ ಇನ್ನೊಂದು ಕೂಸು. ಭಾನುವಾರ ರಾತ್ರಿ ಕೊನೆಯ ಬಸ್ಸಿಗೆ ಇಳಿದಿದ್ದರಂತೆ. ಹೆಸರು ಬರೆದುಕೊಂಡೆ. ಠಾಣೆಗೆ ಕೊಡಬೇಕಲ್ಲ, ಆಧಾರ್ ಜೆರಾಕ್ಸ್ ಇಸ್ಕೊಂಡೆ. ಆಮೇಲೆ ಹೊಸಬರು ಯಾರು ಬಂದರೂ ಕೇಳುವ ಪ್ರಶ್ನೆಯನ್ನೇ ಕೇಳಿದೆ. ನನ್ನ ಹಿಂದಿ ಟೀವಿ ನೋಡಿ ಕಲಿತದ್ದು.

"ಕಿತ್ನಾ ದಿನ್ ರಹೇಗಾ?" ಎಷ್ಟು ದಿನ ಇರ್ತೀರಾ?

ಅವನು ಹೆಂಡತಿಯ ಮುಖ ನೋಡಿದ. ಆಮೇಲೆ ನನ್ನ ಕಡೆ ತಿರುಗಿ, "ಬಾಬು, ಆಪ್ ಕಿತ್ನಾ ದಿನ್ ರಖೇಗಾ?" ಅಂದ. ನೀವು ಎಷ್ಟು ದಿನ ಇಟ್ಕೋತೀರಾ?

ಎದುರುತ್ತರ ಕೊಡುವ ದನಿಯಲ್ಲ. ಮುಂದಿನ ಬಸ್ಸು ಎಷ್ಟು ಹೊತ್ತಿಗೆ ಅಂತ ಕೇಳುವ ಹಾಗೆ ಕೇಳಿದ. ನಿಜವಾಗಿ ಗೊತ್ತಾಗಬೇಕಿತ್ತು ಅವನಿಗೆ. ನಾನು "ದೇಖೇಂಗೆ" ಅಂದು ಪುಸ್ತಕ ಮುಚ್ಚಿದೆ. ಇವತ್ತು ಶನಿವಾರ. ಐದು ದಿನದಿಂದ ಆ ಮಾತು ತಲೆಯಲ್ಲಿ ಕೂತುಬಿಟ್ಟಿದೆ.

ಮೂಡಿಗೆರೆ ಕಡೆಯ ಒಂದು ಕಾಫಿ ತೋಟದಲ್ಲಿ ನಾನು ರೈಟರ್, ಅಂದರೆ ಆಳುಗಳ ಹಾಜರಿ, ಲೆಕ್ಕ ಬರೆಯುವವನು. ಇಪ್ಪತ್ತೆರಡು ವರ್ಷವಾಯಿತು. ಈ ಇಪ್ಪತ್ತೆರಡು ವರ್ಷದಲ್ಲಿ ಜಾಸ್ತಿ ಸಲ ಆಡಿದ ಮಾತು ಯಾವುದು ಅಂದರೆ "ಆಳು ನಿಲ್ಲಲ್ಲ" ಅನ್ನೋದೇ ಇರಬೇಕು. ಮೊದಲು ತಮಿಳಿನವರಿದ್ದರು. ಆಮೇಲೆ ಬಯಲುಸೀಮೆಯವರು ಬಂದರು. ನಮ್ಮ ಲೈನಿನಲ್ಲೇ, ಅಂದರೆ ಆಳುಗಳ ಸಾಲುಮನೆಯಲ್ಲೇ, ಹುಟ್ಟಿದ ಹುಡುಗರು ಬೆಂಗಳೂರಿಗೆ ಹೋಗಿ ಡೆಲಿವರಿ ಬೈಕ್ ಹತ್ತಿದರು. ಈಗ ಅಸ್ಸಾಂ, ಜಾರ್ಖಂಡ್. ಮುಂಗಡ ಇಸ್ಕೊಂಡು ರಾತ್ರೋರಾತ್ರಿ ಜಾಗ ಖಾಲಿ ಮಾಡಿದವರ ಪಟ್ಟಿಯೇ ನನ್ನ ಹತ್ತಿರ ಇದೆ. ಸಂತೆಯಲ್ಲಿ ಬೇರೆ ತೋಟದ ರೈಟರುಗಳು ಸಿಕ್ಕಿದರೆ ನಮಗೆ ಇದೇ ಮಾತು.

ಆದರೆ ಕೊಯ್ಲು ಮುಗಿದ ಮೇಲೆ, ಮಾರ್ಚ್ ಕೊನೆಗೆ, "ಇನ್ನು ಕೆಲಸ ಇಲ್ಲ, ಊರಿಗೆ ಹೋಗಿ ಬನ್ನಿ" ಅಂತ ಹೇಳುವವನೂ ನಾನೇ. ಅದನ್ನು ಯಾವ ಪಟ್ಟಿಯಲ್ಲೂ ಬರೆದಿಟ್ಟಿಲ್ಲ.

ಅವರು ಬಂದದ್ದು ಅಸ್ಸಾಮಿನ ಶೋಣಿತ್‌ಪುರ ಜಿಲ್ಲೆಯಿಂದ. ಬಸ್ಸಿನಲ್ಲಿ ಗುವಾಹಟಿಗೆ, ಅಲ್ಲಿಂದ ರೈಲಿನಲ್ಲಿ ಬಂಗಾಳ, ಒಡಿಶಾ, ಆಂಧ್ರ ದಾಟಿ ಬೆಂಗಳೂರಿನ ಬೈಯಪ್ಪನಹಳ್ಳಿಗೆ. ಹತ್ತಿರ ಹತ್ತಿರ 3000 ಕಿಲೋಮೀಟರ್. ಜನರಲ್ ಬೋಗಿಯಲ್ಲಿ, ಎರಡು ಮಕ್ಕಳನ್ನು ಕಟ್ಟಿಕೊಂಡು. ಕರೆಸಿದ ಮೇಸ್ತ್ರಿಯೂ ಅದೇ ಕಡೆಯವನು. ಎಂಟು ವರ್ಷದ ಹಿಂದೆ ಖಾಲಿ ಕೈಯಲ್ಲಿ ಬಂದವನು ಈಗ ತಲೆಗೆ ಇಷ್ಟು ಅಂತ ಕಮಿಷನ್ ತಗೊಳ್ಳುತ್ತಾನೆ. ಗ್ಯಾಸ್ ಒಲೆ, ಟೈಲ್ಸ್ ಹಾಕಿದ ಬಚ್ಚಲು ಎಲ್ಲ ಇದೆ ಅಂತ ಫೋನಿನಲ್ಲಿ ಹೇಳಿದ್ದನಂತೆ. ಕೇಳಿದ್ದಕ್ಕೆ ಹಲ್ಲು ಕಿರಿದ. ಕೆಲಸದಲ್ಲಿ ಚುರುಕು, ಇಲ್ಲ ಅನ್ನಲಾರೆ. ಆದರೂ ನನಗೆ ಅವನನ್ನು ಕಂಡರೆ ಆಗುವುದಿಲ್ಲ.

ಇವರಿಗೆ ತೋಟ ಹೊಸದೇನಲ್ಲ. ಅಲ್ಲಿ ಟೀ ತೋಟದವರೇ. ಅಜ್ಜನ ಅಜ್ಜಂದಿರನ್ನು ಬ್ರಿಟಿಷರ ಕಾಲದಲ್ಲಿ ಈಗಿನ ಜಾರ್ಖಂಡ್ ಕಡೆಯ ಛೋಟಾನಾಗಪುರದಿಂದ ಟೀ ಕೀಳಲು ಅಸ್ಸಾಮಿಗೆ ಸಾಗಿಸಿದ್ದರು. ಇವನು ಹೇಳಿದ ಲೆಕ್ಕದಲ್ಲಿ ಐದನೆಯ ತಲೆಮಾರು. ಅಲ್ಲಿನ ಕೂಲಿ 2023ರ ಅಕ್ಟೋಬರಿನಲ್ಲಿ 232ರಿಂದ 250ಕ್ಕೆ ಏರಿತ್ತು. ಇಲ್ಲಿ ಅದಕ್ಕಿಂತ ಎಷ್ಟೋ ಜಾಸ್ತಿ, ಕೊಯ್ಲಿನಲ್ಲಿ ಕೆಜಿ ಲೆಕ್ಕ ಬೇರೆ. ಹಾಗಾಗಿ ಬಂದರು. ಇದರಲ್ಲಿ ಬಿಡಿಸಿ ಹೇಳುವುದೇನೂ ಇಲ್ಲ.

ನನಗೆ ಮಜಾ ಅನ್ನಿಸಿದ್ದು ಬೇರೆ. ಸೋಮವಾರ ಮನೆ ತೋರಿಸಲು ಹೋಗುವಾಗ ಇದಕ್ಕೆ ಹಿಂದಿಯಲ್ಲಿ ಏನಂತಾರಪ್ಪಾ ಅಂತ ತಡವರಿಸುತ್ತಿದ್ದೆ. ಅವನೇ "ಲೈನ್?" ಅಂದ. ಅಲ್ಲೂ ಲೈನೇ ಅಂತೆ! ದಿನಗೂಲಿಗೆ ಅವರು ಹಾಜಿರಾ ಅಂತಾರೆ. ನನ್ನ ಕೈಯಲ್ಲಿದ್ದದ್ದು ಹಾಜರಿ ಪುಸ್ತಕ. 3000 ಕಿಲೋಮೀಟರ್ ದಾಟಿ ಬಂದವರಿಗೂ ನನಗೂ ತರ್ಜುಮೆ ಬೇಡದ ಮಾತು ಇದ್ದದ್ದು ಇವೆರಡೇ.

ಮಂಗಳವಾರ, ಬುಧವಾರ ಮಳೆ. ನವೆಂಬರಿನಲ್ಲಿ ಚಂಡಮಾರುತದ ಮಳೆ ಹಿಡಿದರೆ ಹಣ್ಣಾದ ಅರೇಬಿಕಾ ಉದುರುತ್ತದೆ, ಕಣದಲ್ಲಿ ಹಾಕಿದ್ದು ಮುಗ್ಗುತ್ತದೆ. ಕೊಯ್ಲು ನಿಲ್ಲಿಸಿದೆವು. ಕೊಯ್ಲಿಲ್ಲದಿದ್ದರೆ ಕೂಲಿಯಿಲ್ಲ. ಅವನು ಕೊಡೆಯೂ ಇಲ್ಲದೆ, ಗೊಬ್ಬರದ ಪ್ಲಾಸ್ಟಿಕ್ ಚೀಲ ತಲೆಗೆ ಹಾಕಿಕೊಂಡು ಎರಡು ದಿನವೂ ಬೆಳಗ್ಗೆ ಏಳಕ್ಕೇ ಬಂದು ನಿಂತ. "ಕಾಮ್?" ಇಲ್ಲ ಅಂದೆ. ಪಕ್ಕದ ತೋಟಗಳಿಗೂ ಹೋಗಿ ಕೇಳಿ ಬಂದನಂತೆ. ಅಲ್ಲೂ ಇಲ್ಲ. ಎರಡನೆಯ ದಿನ ತಡೆಯಲಾರದೆ ಗೋದಾಮಿನಲ್ಲಿ ಚೀಲ ಹೊಲಿಯುವ ಕೆಲಸ ಕೊಟ್ಟೆ. ಆ ಕೆಲಸ ಇರಲಿಲ್ಲ, ನಾನೇ ಹುಟ್ಟಿಸಿದ್ದು. ಸಾವ್ಕಾರ್ರು ಇದನ್ನು ಓದುವುದಿಲ್ಲ ಅನ್ನೋ ಧೈರ್ಯದ ಮೇಲೆ ಬರೆಯುತ್ತಿದ್ದೇನೆ.

ಬಿಡುವಿತ್ತಲ್ಲ, ಬುಧವಾರ ಅವರನ್ನು ಪೇಟೆಗೆ ಕರೆದುಕೊಂಡು ಹೋದೆ, ರೇಷನ್ನಿಗೆ. ಒಂದು ದೇಶ ಒಂದು ರೇಷನ್ ಕಾರ್ಡ್ ಬಂದಿದೆ. ಅಸ್ಸಾಂ ಅದಕ್ಕೆ ಎಲ್ಲರಿಗಿಂತ ಕೊನೆಗೆ, 2022ರ ಜೂನಿನಲ್ಲಿ ಸೇರಿತು. ಆಧಾರ್ ಜೋಡಿಸಿದ್ದರೆ ಯಾವ ಊರಲ್ಲಾದರೂ ಹೆಬ್ಬೆಟ್ಟು ಒತ್ತಿ ತಲೆಗೆ 5 ಕೆಜಿ ತಗೊಳ್ಳಬಹುದು. ಅಂಗಡಿಯವನು ಮೊದಲು "ನಮ್ಮಲ್ಲಿ ಬರಲ್ಲ" ಅಂದ. ಬರುತ್ತೆ ಅಂದೆ. ಸರ್ವರ್ ಇಲ್ಲ ಅಂದ. ಕಾಯ್ತೀವಿ ಅಂತ ಅಲ್ಲೇ ಕೂತೆ. ಮುಕ್ಕಾಲು ಗಂಟೆಯ ಮೇಲೆ ಸರ್ವರ್ ಬಂತು. ಟೀಗಿಂತ ನಿಧಾನವಾಗಿ ಬರುವುದು ಪೇಟೆಯಲ್ಲಿ ಅದೊಂದೇ.

ಆಮೇಲೆ ಟೀ ಅಂಗಡಿಯಲ್ಲಿ ಇನ್ನೊಂದು ಮಾತು ನಡೆಯಿತು. ಪರಿಚಯದವರೊಬ್ಬರು ಅವರತ್ತ ಗಲ್ಲ ತೋರಿಸಿ, "ಏನ್ರೀ ರೈಟ್ರೇ, ಬಾಂಗ್ಲಾದವರಾ?" ಅಂದರು. "ಅಲ್ಲ ಮಾರಾಯ್ರೆ, ಹೆಸರು ನೋಡಿದ್ರೆ ಗೊತ್ತಾಗಲ್ವಾ, ಇವರು ಆದಿವಾಸಿಗಳು" ಅಂದೆ. ಸರಿಯಾದ ಉತ್ತರ ಕೊಟ್ಟೆ ಅಂತ ಬೀಗಿದ್ದೆ. ರಾತ್ರಿ ಮಲಗಿದಾಗ ಚುಚ್ಚಿತು. ಹೆಸರು ಬೇರೆ ಥರ ಇದ್ದಿದ್ದರೆ? ಅಸ್ಸಾಮಿನವರೇ ಆದ ಸಾಬರ ಸಂಸಾರವಾಗಿದ್ದರೆ ಅವರ ಪರ ನಾನು ಏನು ಹೇಳುತ್ತಿದ್ದೆ? ಅಸ್ಸಾಮಿನ ಪೌರರನ್ನು ಗುರುತಿಸುವ 2019ರ ಎನ್‌ಆರ್‌ಸಿ ಪಟ್ಟಿಯಲ್ಲಿ ಹೊರಗುಳಿದ 19 ಲಕ್ಷ ಜನರಲ್ಲಿ ಎಲ್ಲ ಥರದ ಹೆಸರೂ ಇದ್ದವು. ನಾನು ಆ ಮನುಷ್ಯನ ಬಾಯಿ ಮುಚ್ಚಿಸಲಿಲ್ಲ, ಬೆರಳನ್ನು ಬೇರೆ ಕಡೆ ತಿರುಗಿಸಿದೆ ಅಷ್ಟೇ.

ವಾಪಸ್ ಬರುವಾಗ ಬಸ್ಸಿನಲ್ಲಿ ಹೆಂಗಸರಿಗೆಲ್ಲ ಸೊನ್ನೆ ರೂಪಾಯಿ ಟಿಕೆಟ್ ಹರಿದು ಕೊಟ್ಟ ಕಂಡಕ್ಟರ್ ಅವಳ ಆಧಾರ್ ನೋಡಿ ದುಡ್ಡು ಕೇಳಿದ. ಅವನ ತಪ್ಪೇನಿಲ್ಲ, ಶಕ್ತಿ ಯೋಜನೆ ಕರ್ನಾಟಕದ ವಿಳಾಸ ಇದ್ದವರಿಗೆ ಮಾತ್ರ. ಅವಳು ಪಕ್ಕದ ಸೀಟಿನವಳ ಟಿಕೆಟನ್ನೂ ತನ್ನದನ್ನೂ ತಿರುಗಿಸಿ ನೋಡಿದಳು. ಏನೂ ಕೇಳಲಿಲ್ಲ. ಕೇಳಿದ್ದರೆ ಮತ್ತೆ ಅದೇ ಪ್ರಶ್ನೆಗೆ ಬಂದು ನಿಲ್ಲುತ್ತಿತ್ತು.

ಶಾಲೆಯಲ್ಲಿ ಮಾತ್ರ ಎಲ್ಲ ಉಲ್ಟಾ. ನಮ್ಮೂರ ಸರ್ಕಾರಿ ಶಾಲೆಯಲ್ಲಿ ಹನ್ನೊಂದು ಮಕ್ಕಳು. ಇನ್ನೆರಡು ಕಮ್ಮಿಯಾದರೆ ಬೀಗ ಅನ್ನೋ ಭಯ ಟೀಚರಿಗೆ. ಗುರುವಾರ ಹುಡುಗಿಯನ್ನು ಕರೆದುಕೊಂಡು ಹೋದೆ. ಟೀಸಿ ಇಲ್ಲ ಮೇಡಂ, ಕನ್ನಡವೂ ಬರಲ್ಲ ಅಂತ ನಾನು ಶುರು ಮಾಡಿದರೆ, ಅವರು ಆಗಲೇ ರಿಜಿಸ್ಟರ್ ಬಿಚ್ಚಿದ್ದರು. "ಟೀಸಿ ಇಲ್ಲ ಅಂತ ಮಗೂನ ವಾಪಸ್ ಕಳಿಸೋ ಹಾಗಿಲ್ಲ ರೈಟ್ರೇ, ಆರ್‌ಟಿಇ ಇದೆ, ಶಿಕ್ಷಣ ಹಕ್ಕಿನ ಕಾನೂನು. ಚಿಕ್ಕದೂ ಒಂದು ಇದೆಯಂತಲ್ಲ, ಅದಕ್ಕೆ ವಯಸ್ಸೆಷ್ಟು?" ಅಂದರು. ಒಂದೂವರೆ ವರ್ಷ ಅಂದೆ. ಬೆರಳಲ್ಲಿ ಏನೋ ಲೆಕ್ಕ ಹಾಕಿದರು. ಈ ಸಂಸಾರ ನಾಲ್ಕೈದು ವರ್ಷ ಇಲ್ಲೇ ಇರುತ್ತದೆ ಅಂದುಕೊಂಡು ಲೆಕ್ಕ ಹಾಕಿದವರು ಇಡೀ ಊರಿಗೆ ಅವರೊಬ್ಬರೇ.

ಗುರುವಾರ ಬಿಸಿಲು ಬಂತು, ಕೊಯ್ಲು ಶುರುವಾಯಿತು. ಅವಳು ಸೊಂಟಕ್ಕೆ ಚೀಲ ಕಟ್ಟಿ ಸಾಲಿಗೆ ಇಳಿದಳು. ಟೀ ಕಿತ್ತು ಪಳಗಿದ ಕೈ. ಎಷ್ಟು ಪಳಗಿದ್ದು ಅಂದರೆ ಬೆರಳು ಮೊದಲು ಹೋದದ್ದೇ ಚಿಗುರಿಗೆ. ಎರಡು ಎಲೆ ಚಿವುಟಿದ ಮೇಲೆ ಎಚ್ಚರವಾಗಿ ತಾನೇ ನಕ್ಕಳು. ಕೆಂಪು ಹಣ್ಣು ಮಾತ್ರ, ಹಸಿರು ಕಾಯಿ ಬಿಡಬೇಕು ಅಂತ ತೋರಿಸಿದೆ. ಮಧ್ಯಾಹ್ನದ ಹೊತ್ತಿಗೆ ನಾನು ತೋರಿಸಬೇಕಾದದ್ದು ಏನೂ ಉಳಿದಿರಲಿಲ್ಲ.

ಒಂದು ಗಿಡದಲ್ಲಿ ಚಗಳಿ, ಅಂದರೆ ಕೆಂಪಿರುವೆ, ಗೂಡಿತ್ತು. ಉಳಿದವರೆಲ್ಲ ಆ ಗಿಡ ಬಿಟ್ಟು ಮುಂದೆ ಹೋದರು, ಕಚ್ಚಿದರೆ ಗೊತ್ತಲ್ಲ. ಅವಳು ಗಂಡನನ್ನು ಕೂಗಿ ಕರೆದಳು. ಅವನು ಕೊಂಬೆ ಸಮೇತ ಗೂಡು ಮುರಿದು, ಪ್ಲಾಸ್ಟಿಕ್ ಚೀಲದೊಳಗೆ ಕೊಡವಿ, ಬಾಯಿ ಗಂಟು ಹಾಕಿ ಇಟ್ಟ. ನಾಲ್ಕು ದಿನದಲ್ಲಿ ಅವರಿಬ್ಬರ ಮುಖದಲ್ಲೂ ಒಟ್ಟಿಗೆ ಹಲ್ಲು ಕಂಡದ್ದು ಅದೇ ಮೊದಲು. "ಚಟ್ನಿ?" ಅಂದೆ. "ಚಟ್ನಿ!" ಅಂದ. ಅಲ್ಲಿಗೆ ತರ್ಜುಮೆ ಬೇಡದ ಮಾತು ಮೂರಾಯಿತು. ಒಡಿಶಾದ ಮಯೂರ್‌ಭಂಜ್‌ನ ಚಗಳಿ ಚಟ್ನಿಗೆ 2024ರಲ್ಲಿ ಜಿಐ ಟ್ಯಾಗ್, ಅಂದರೆ ಆ ಜಾಗದ್ದೇ ಅನ್ನೋ ಗುರುತು, ಸಿಕ್ಕಿದೆ. ನಮ್ಮ ಮಲೆನಾಡಿನವರು ಅದನ್ನು ತಿನ್ನುತ್ತೇವೆ ಅಂತ ಪೇಟೆಯವರ ಎದುರು ಹೇಳಿಕೊಳ್ಳುವುದಕ್ಕೇ ನಾಚುತ್ತೇವೆ.

ನನ್ನಪ್ಪ 1974ರಲ್ಲಿ ಬೆಳ್ತಂಗಡಿ ಕಡೆಯಿಂದ ಚಾರ್ಮಾಡಿ ಘಾಟಿ ಹತ್ತಿ ಬಂದವರು. ಭೂಸುಧಾರಣೆಯ ಕಾಲ. ಗೇಣಿ ಮಾಡುತ್ತಿದ್ದವರಿಗೆ ಭೂಮಿ ಬಂತು. ಬರೀ ಕೂಲಿ ಮಾಡುತ್ತಿದ್ದ ಅಪ್ಪನಂಥವರಿಗೆ ಕೇಳುವುದಕ್ಕೆ ಗೇಣಿ ಚೀಟಿಯೂ ಇರಲಿಲ್ಲ. ಆಗ ಕರಾವಳಿಯವರಿಗೆ ಕೆಲಸ ಅಂದರೆ ಒಂದೋ ಬೊಂಬಾಯಿ, ಇಲ್ಲಾ ಘಟ್ಟ. ಅಪ್ಪ ಘಟ್ಟ ಹಿಡಿದರು. ಹೇಳಿಕೇಳಿ ಪಕ್ಕದ ಜಿಲ್ಲೆ, ಅದೇ ರಾಜ್ಯ. ಆದರೂ ಇಲ್ಲಿಯವರಿಗೆ ನಾವು ಕೆಳಗಿನವರು, ತುಳುವಿನವರು. ಲೈನಿನ ಹಿಂದೆ ಒಂದು ತುಂಡು ಜಾಗ ಇತ್ತು. ಅಪ್ಪ ಅಲ್ಲಿ ಬಸಳೆ ಹಾಕಿದರು, ಅಲಸಂದೆ ಹಾಕಿದರು. ಅಮ್ಮ ಒಂದು ತೆಂಗಿನ ಸಸಿ ನೆಡೋಣ ಅಂತ ಎಷ್ಟೋ ವರ್ಷ ಕೇಳಿಕೊಂಡರು. "ಕಾಯಿ ಯಾರು ತಿನ್ನೋದು?" ಅಂತಿದ್ದರು ಅಪ್ಪ. ವರ್ಷದೊಳಗೆ ಫಲ ಕೊಡದ ಯಾವುದನ್ನೂ ನೆಡಲಿಲ್ಲ. ನಲವತ್ತು ವರ್ಷ ಇದ್ದರು, ಇಲ್ಲೇ ಸತ್ತರು.

ಹಟಮಾರಿತನ ಅಂದುಕೊಂಡಿದ್ದೆ. ಹಾಗಲ್ಲವೇನೋ. ಪ್ರತಿ ವರ್ಷ ಕೊಯ್ಲು ಮುಗಿದಾಗ ಆಗಿನ ರೈಟರ್ ಬಂದು ಏನೋ ಕೇಳುತ್ತಿದ್ದುದು, ಅಪ್ಪ ಟವೆಲ್ ಹೆಗಲಿಂದ ತೆಗೆದು ಕಂಕುಳಿಗೆ ಇಟ್ಟುಕೊಂಡು ನಿಲ್ಲುತ್ತಿದ್ದುದು ನೆನಪಿದೆ. ಕೇಳುತ್ತಿದ್ದದ್ದು ಏನು ಅಂತ ಈಗ ಹೊಳೆಯುತ್ತದೆ. ಅಪ್ಪ ಒಂದು ಸಲವೂ ತಿರುಗಿಸಿ ಕೇಳಲಿಲ್ಲ. ಈ ಹುಡುಗ ಬಂದ ಮರುದಿನವೇ ಕೇಳಿದ.

ನಿನ್ನೆ ಸಂಜೆ ನನ್ನ ಹೆಂಡತಿ ನಮ್ಮ ಚಪ್ಪರದ ಬಸಳೆಯಲ್ಲಿ ನಾಲ್ಕು ತುಂಡು ಮುರಿದು ಅವಳಿಗೆ ಕೊಟ್ಟು ಬಂದಳು. ಅದು ಅಮ್ಮನ ಕಾಲದ ಬಳ್ಳಿ. ಇವತ್ತು ಲೈನಿನ ಹಿಂದೆ ಹೋಗಿ ನೋಡಿದರೆ ಬಸಳೆ ನೆಟ್ಟಾಗಿದೆ. ಪಕ್ಕದಲ್ಲಿ ಮಣ್ಣು ಹದ ಮಾಡಿ ಸಾಸಿವೆ ಚೆಲ್ಲಿದ್ದಾಳೆ, ಊರಿಂದ ಸೆರಗಿನ ತುದಿಯಲ್ಲಿ ಕಟ್ಟಿಕೊಂಡು ತಂದದ್ದಂತೆ. ಕೋಳಿ ಕೆದಕದ ಹಾಗೆ ಮೇಲೆ ಸಿಲ್ವರ್ ಮರದ ಸೊಪ್ಪು ಮುಚ್ಚಿದ್ದಳು. ಸಾಸಿವೆ ಸೊಪ್ಪು ತಿಂಗಳು, ಒಂದೂವರೆ ತಿಂಗಳಿಗೆ ಕೈಗೆ ಬರುತ್ತದೆ. ಕೊಯ್ಲು ಮುಗಿಯುವುದರೊಳಗೆ.

ಮನೆಗೆ ಬರುವಷ್ಟರಲ್ಲಿ ಸಾವ್ಕಾರ್ರ ಫೋನು. ಬೆಂಗಳೂರಿನಲ್ಲಿ ಮಗನ ಮನೆಯಲ್ಲಿದ್ದಾರೆ. ಮಳೆ ಎಷ್ಟು ಬಿತ್ತು, ಎಷ್ಟು ಚೀಲ ಆಯ್ತು ಎಲ್ಲ ಕೇಳಿ ಆದಮೇಲೆ, "ಆ ಹೊಸಬರು ಹೆಂಗೆ? ನಿಲ್ತಾರಂತಾ?" ಅಂದರು.

"ನಾವು ಇಟ್ಕೊಂಡ್ರೆ ನಿಲ್ತಾರಂತೆ" ಅಂದೆ.

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಲೈನ್ ಕಟ್ಟಾಯಿತೇನೋ ಅಂತ ಫೋನ್ ಕಿವಿಯಿಂದ ತೆಗೆದು ನೋಡಿದೆ.

"ಪಲ್ಪರ್ ಮಿಷನ್ನಿನ ಬೆಲ್ಟ್ ಬಂತಾ?" ಅಂದರು.