ಶಾಸಕರು ಸದನದಲ್ಲಿ ಪ್ರಶ್ನೆ ಕೇಳಿದರೆ ಊರಿಗೇನು ಬಂತು?

ವಿಧಾನಮಂಡಲದ ಕಲಾಪಗಳ ಕುರಿತು ಬರೆಯುತ್ತ ಬಂದಿರುವ ನನಗೆ ಅಧಿವೇಶನ ಶುರುವಾದಾಗಲೆಲ್ಲ ಎದುರಾಗುವ ಪ್ರಶ್ನೆಯೊಂದಿದೆ. ‘ನಮ್ಮ ಶಾಸಕರು ಸದನದಲ್ಲಿ ಎದ್ದುನಿಂತು ಸಚಿವರನ್ನು ಪ್ರಶ್ನೆ ಕೇಳುವುದರಿಂದ ಊರಿಗೇನು ಬಂತು? ಅದರ ಬದಲು ನೇರವಾಗಿ ಸಚಿವರ ಕಚೇರಿಗೆ ಹೋಗಿ ಪತ್ರದ ಮೇಲೆ ಷರಾ ಬರೆಸಿಕೊಂಡು ಬಂದರೆ ಕೆಲಸವಾದರೂ ಆಗುತ್ತದಲ್ಲ?’ ಹೀಗೆ ಕೇಳುವವರ ಮಾತಿನಲ್ಲಿ ಕುಹಕವಿಲ್ಲ. ವೈದ್ಯರಿಲ್ಲದ ಆಸ್ಪತ್ರೆ, ಒಬ್ಬರೇ ಶಿಕ್ಷಕರಿರುವ ಶಾಲೆ, ನಲ್ಲಿ ಬಂದರೂ ನೀರು ಬಾರದ ಬೀದಿ ಇವುಗಳ ನಡುವೆ ಬದುಕುವವರಿಗೆ ಉತ್ತರಕ್ಕಿಂತ ಪರಿಹಾರ ಮುಖ್ಯವಾಗುವುದು ಸಹಜ. ಹಾಗಾಗಿ ಈ ಪ್ರಶ್ನೆಗೆ ಸ್ವಲ್ಪ ವಿವರವಾಗಿಯೇ ಉತ್ತರಿಸುವುದು ಸರಿಯೆಂದು ನನಗೆ ತೋರುತ್ತದೆ.

ಪತ್ರದಿಂದ ಕೆಲಸ ಆಗಬಹುದು, ನಿಜ. ಆದರೆ ಷರಾ ಬಿದ್ದ ಪತ್ರ ಒಂದು ಊರಿನ, ಒಂದು ಶಾಲೆಯ, ಒಂದು ವರ್ಗಾವಣೆಯ ಮಟ್ಟಿಗೆ ಮಾತ್ರ ನಡೆಯುವ ಅನುಗ್ರಹ. ಆ ಪತ್ರಕ್ಕೆ ಉತ್ತರ ಬಾರದಿದ್ದರೆ ಯಾರೂ ಯಾರನ್ನೂ ಕೇಳುವಂತಿಲ್ಲ. ಬಂದರೂ ಪಕ್ಕದ ಊರಿಗೆ ಏಕೆ ಆಗಲಿಲ್ಲ ಎಂಬುದು ತಿಳಿಯುವುದಿಲ್ಲ. ಸದನದ ಪ್ರಶ್ನೆಯ ಬಗೆ ಬೇರೆ. ಅದಕ್ಕೆ ಗೊತ್ತುಪಡಿಸಿದ ದಿನದಂದು, ಲಿಖಿತವಾಗಿ, ಸಚಿವರ ಹೆಸರಿನಲ್ಲಿ ಉತ್ತರ ಬರಬೇಕು. ಅದು ಸದನದ ದಾಖಲೆಗೆ ಸೇರುತ್ತದೆ. ಗೊತ್ತಿದ್ದೂ ತಪ್ಪು ಮಾಹಿತಿ ಕೊಟ್ಟಿದ್ದರೆ ಹಕ್ಕುಚ್ಯುತಿಯ, ಎಂದರೆ ಸದನದ ವಿಶೇಷ ಹಕ್ಕಿಗೆ ಧಕ್ಕೆ ತಂದ, ಪ್ರಶ್ನೆ ಏಳುತ್ತದೆ. ಸರ್ಕಾರದ ಬಾಯಿಂದ ಇಷ್ಟು ಬಿಗಿಯಾಗಿ ಮಾತು ತೆಗೆಸುವ ಇನ್ನೊಂದು ದಾರಿ ಶಾಸಕರಿಗೆ ಇಲ್ಲ ಎಂಬುದೇ ನನ್ನ ಉತ್ತರದ ತಿರುಳು.

ಈ ಅಧಿಕಾರ ತಾನಾಗಿ ದಕ್ಕಿದ್ದಲ್ಲ. 1881ರಲ್ಲಿ, ಹತ್ತನೇ ಚಾಮರಾಜೇಂದ್ರ ಒಡೆಯರ ಕಾಲದಲ್ಲಿ, ದಿವಾನ್ ರಂಗಾಚಾರ್ಲು ಅವರು ಮೈಸೂರು ಪ್ರಜಾಪ್ರತಿನಿಧಿ ಸಭೆಯನ್ನು ಆರಂಭಿಸಿದಾಗ, ದಸರೆಯ ಸಮಯಕ್ಕೆ ಸೇರುತ್ತಿದ್ದ ಆ ಸಭೆಯ ಮುಂದೆ ದಿವಾನರು ಆಡಳಿತದ ವಿವರವನ್ನು ಓದುತ್ತಿದ್ದರು ಮತ್ತು ಪ್ರತಿನಿಧಿಗಳು ತಮ್ಮ ತಮ್ಮ ಸೀಮೆಯ ಕುಂದುಕೊರತೆಗಳನ್ನು ಅರಿಕೆ ಮಾಡಿಕೊಳ್ಳುತ್ತಿದ್ದರು. ಆ ಕಾಲಕ್ಕೆ ಅದು ದೊಡ್ಡ ಹೆಜ್ಜೆಯೇ ಆಗಿದ್ದರೂ, ಅರಿಕೆಯನ್ನು ಕೇಳಿಸಿಕೊಳ್ಳುವುದೂ ಬಿಡುವುದೂ ದಿವಾನರಿಗೆ ಸೇರಿದ ಮಾತಾಗಿತ್ತು. ಬ್ರಿಟಿಷ್ ಭಾರತದಲ್ಲಿ 1892ರ ಕಾಯ್ದೆ ಶಾಸನ ಸಭೆಯ ಸದಸ್ಯರಿಗೆ ಪ್ರಶ್ನೆ ಕೇಳುವ ಅವಕಾಶ ಕೊಟ್ಟಿತಾದರೂ, ಬಂದ ಉತ್ತರವನ್ನು ಹಿಡಿದು ಮತ್ತೊಂದು ಪ್ರಶ್ನೆ ಹಾಕುವ ಹಕ್ಕು, ಎಂದರೆ ಪೂರಕ ಪ್ರಶ್ನೆಯ ಹಕ್ಕು, ದೊರೆತದ್ದು 1909ರ ಸುಧಾರಣೆಗಳಲ್ಲಿ. ಇಂದು ಸಂವಿಧಾನದ 164(2)ನೇ ವಿಧಿಯ ಪ್ರಕಾರ ಇಡೀ ಸಚಿವ ಸಂಪುಟ ವಿಧಾನಸಭೆಗೆ ಸಾಮೂಹಿಕವಾಗಿ ಹೊಣೆ. ಶಾಸಕರು ಸಚಿವರ ಮುಂದೆ ಅರಿಕೆ ಮಾಡಿಕೊಳ್ಳುವವರಲ್ಲ, ಲೆಕ್ಕ ಕೇಳುವವರು. ಇದನ್ನು ಮತದಾರರಾದ ನಾವೇ ಮರೆತು, ಸಚಿವರೊಂದಿಗೆ ಚೆನ್ನಾಗಿರುವ ಶಾಸಕರೇ ಒಳ್ಳೆಯ ಶಾಸಕರು ಎಂದು ನಂಬಿಕೊಂಡಿರುವುದು ನನಗೆ ನೋವು ತರುವ ಸಂಗತಿ.

ಪ್ರಶ್ನೆಗಳಲ್ಲಿ ಮುಖ್ಯವಾಗಿ ಎರಡು ಬಗೆ. ಚುಕ್ಕೆ ಗುರುತಿನ ಪ್ರಶ್ನೆಗೆ ಸಚಿವರು ಸದನದಲ್ಲಿ ಎದ್ದುನಿಂತು ಉತ್ತರಿಸಬೇಕು, ಮತ್ತು ಅದರ ಮೇಲೆ ಪೂರಕ ಪ್ರಶ್ನೆ ಕೇಳಬಹುದು. ಚುಕ್ಕೆ ಗುರುತಿಲ್ಲದ ಪ್ರಶ್ನೆಗೆ ಲಿಖಿತ ಉತ್ತರ ಮಾತ್ರ. ಪತ್ರಿಕೆಗಳಲ್ಲಿ ಸುದ್ದಿಯಾಗುವುದು ಮೊದಲನೆಯದು. ಆದರೆ ಮಾಹಿತಿಯ ರಾಶಿ ಇರುವುದು ಎರಡನೆಯದರಲ್ಲಿ. ಪ್ರಶ್ನೆ ವಿಧಾನಸಭೆಯ ಸಚಿವಾಲಯದಿಂದ ಇಲಾಖೆಗೆ ಹೋದ ಮೇಲೆ ಅಲ್ಲಿಂದ ಆಯುಕ್ತರ ಕಚೇರಿಗೆ, ಜಿಲ್ಲೆಗೆ, ತಾಲ್ಲೂಕಿಗೆ ಇಳಿಯುತ್ತದೆ. ಯಾವುದೋ ತಾಲ್ಲೂಕು ಆರೋಗ್ಯಾಧಿಕಾರಿಯ ಕಚೇರಿಯಲ್ಲಿ ಗುಮಾಸ್ತರೊಬ್ಬರು ಮಂಜೂರಾದ ಹುದ್ದೆ, ಭರ್ತಿಯಾದ ಹುದ್ದೆ, ಖಾಲಿ ಹುದ್ದೆ ಎಂದು ಅಂಕಣ ಎಳೆದು ತುಂಬುತ್ತಾರೆ. ಅದೇ ಕಾಗದ ಮತ್ತೆ ಮೇಲೇರಿ ಸಚಿವರ ಸಹಿಗೆ ಬರುತ್ತದೆ. ಎಷ್ಟೋ ಸಲ ಇಲಾಖೆಯ ಮೇಲಧಿಕಾರಿಗಳಿಗೇ ತಮ್ಮ ಕೊರತೆಯ ಪೂರ್ಣ ಚಿತ್ರ ಒಂದೆಡೆ ಕಾಣುವುದು ಇಂಥದೊಂದು ಪ್ರಶ್ನೆ ಬಂದಾಗ. ಉತ್ತರ ಕೊಡಬೇಕಾದ ದಿನ ಹತ್ತಿರವಾಗುತ್ತಿದ್ದಂತೆ ಬಹುಕಾಲ ಕದಲದ ಕಡತಗಳು ಕದಲುವುದೂ ಉಂಟು, ಏಕೆಂದರೆ ‘ಕ್ರಮ ಕೈಗೊಳ್ಳಲಾಗಿದೆ’ ಎಂದು ಬರೆಯಲು ಏನಾದರೂ ಕ್ರಮ ಆಗಿರಬೇಕಾಗುತ್ತದೆ.

ಆದರೆ ಎಲ್ಲ ಪ್ರಶ್ನೆಗಳೂ ಇಷ್ಟು ಕೆಲಸ ಮಾಡುವುದಿಲ್ಲ. ಪ್ರಶ್ನೆ ಬರೆದ ಬಗೆಯಲ್ಲೇ ಅದರ ಹಣೆಬರಹ ಇರುತ್ತದೆ ಎಂಬುದು ಲಿಖಿತ ಉತ್ತರಗಳನ್ನು ಓದುತ್ತ ಬಂದವರಿಗೆ ತಿಳಿದ ವಿಷಯ. ಉತ್ತರದ ಹಾಳೆಯಲ್ಲಿ ಎಡಗಡೆ (ಅ), (ಆ), (ಇ) ಎಂದು ಪ್ರಶ್ನೆಯ ಭಾಗಗಳಿರುತ್ತವೆ, ಬಲಗಡೆ ಅವಕ್ಕೆ ಎದುರಾಗಿ ಉತ್ತರ. ಹೀಗೊಂದು ಪ್ರಶ್ನೆಯನ್ನು ಊಹಿಸಿಕೊಳ್ಳೋಣ. (ಅ) ತಾಲ್ಲೂಕಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ವೈದ್ಯರ ಕೊರತೆ ಇರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ? (ಆ) ಬಂದಿದ್ದಲ್ಲಿ, ಕೈಗೊಂಡ ಕ್ರಮಗಳೇನು? ಇದಕ್ಕೆ ಬರುವ ಉತ್ತರವನ್ನು ನಾನು ಈಗಲೇ ಬರೆದುಕೊಡಬಲ್ಲೆ: (ಅ) ಬಂದಿದೆ. (ಆ) ಖಾಲಿ ಹುದ್ದೆಗಳನ್ನು ಭರ್ತಿ ಮಾಡಲು ಹಂತ ಹಂತವಾಗಿ ಕ್ರಮ ಕೈಗೊಳ್ಳಲಾಗುವುದು. ಕೇಳಿದವರಿಗೂ ತೃಪ್ತಿ, ಹೇಳಿದವರಿಗೂ ತೊಂದರೆಯಿಲ್ಲ, ಆಸ್ಪತ್ರೆಯ ಬಾಗಿಲಲ್ಲಿ ನಿಂತವರಿಗೆ ಏನೂ ಇಲ್ಲ.

ಅದೇ ವಿಷಯವನ್ನು ಇನ್ನೊಂದು ರೀತಿಯಲ್ಲಿ ಕೇಳಬಹುದು. ತಾಲ್ಲೂಕಿನಲ್ಲಿರುವ ಪ್ರಾಥಮಿಕ ಆರೋಗ್ಯ ಕೇಂದ್ರಗಳು ಯಾವುವು. ಪ್ರತಿಯೊಂದರಲ್ಲೂ ವೈದ್ಯರ ಹುದ್ದೆ ಯಾವ ದಿನಾಂಕದಿಂದ ಖಾಲಿ ಇದೆ. ಬಯಲು ಸೀಮೆಯಲ್ಲಿ 30,000 ಜನಸಂಖ್ಯೆಗೆ, ಗುಡ್ಡಗಾಡು ಪ್ರದೇಶದಲ್ಲಿ 20,000 ಜನಸಂಖ್ಯೆಗೆ ಒಂದು ಕೇಂದ್ರವಿರಬೇಕೆಂಬ ಮಾನದಂಡದಂತೆ ಇನ್ನೆಷ್ಟು ಕೇಂದ್ರಗಳು ಬೇಕು. ಅವುಗಳ ಪ್ರಸ್ತಾವನೆ ಯಾವ ದಿನ ಆರ್ಥಿಕ ಇಲಾಖೆಗೆ ಹೋಗಿದೆ. ಸಹಮತಿ ದೊರೆಯದಿದ್ದರೆ ಕಾರಣವೇನು? ಇಂಥ ಪ್ರಶ್ನೆಗೆ ‘ಬಂದಿದೆ’ ಎಂದು ಉತ್ತರಿಸಿ ಮುಗಿಸಲು ಬರುವುದಿಲ್ಲ. ಅನುಬಂಧ ಲಗತ್ತಿಸಲೇಬೇಕು. ಶಾಲೆಗಳ ವಿಷಯದಲ್ಲೂ ಹಾಗೆಯೇ: 2009ರ ಶಿಕ್ಷಣ ಹಕ್ಕು ಕಾಯ್ದೆ ಕಿರಿಯ ಪ್ರಾಥಮಿಕ ತರಗತಿಗಳಲ್ಲಿ 30 ಮಕ್ಕಳಿಗೆ ಒಬ್ಬರು, ಹಿರಿಯ ಪ್ರಾಥಮಿಕದಲ್ಲಿ 35 ಮಕ್ಕಳಿಗೆ ಒಬ್ಬರು ಶಿಕ್ಷಕರಿರಬೇಕೆಂದು ಹೇಳುತ್ತದೆಯಾದ್ದರಿಂದ, ಆ ಅನುಪಾತಕ್ಕಿಂತ ಕಡಿಮೆ ಕಾಯಂ ಶಿಕ್ಷಕರಿರುವ ಶಾಲೆಗಳ ಪಟ್ಟಿಯನ್ನೇ ಕೇಳಿದರೆ ಅತಿಥಿ ಶಿಕ್ಷಕರ ಲೆಕ್ಕ ತೋರಿಸಿ ನುಣುಚಿಕೊಳ್ಳುವ ಹಾದಿ ಮುಚ್ಚುತ್ತದೆ. ಕುಡಿಯುವ ನೀರಿನ ಬಗ್ಗೆ ಕೇಳುವಾಗಲೂ, ಜಲಜೀವನ್ ಮಿಷನ್ ಗುರಿಯಾದ ತಲಾ ದಿನಕ್ಕೆ 55 ಲೀಟರ್ ನೀರು ನಿಜವಾಗಿ ಎಷ್ಟು ಮನೆಗೆ ತಲುಪುತ್ತಿದೆ ಎಂದು ಕೇಳಬೇಕೇ ಹೊರತು ಎಷ್ಟು ಮನೆಗೆ ನಲ್ಲಿ ಹಾಕಲಾಗಿದೆ ಎಂದಲ್ಲ.

ಪೂರಕ ಪ್ರಶ್ನೆಯ ಮಾತಿಗೆ ಬರುತ್ತೇನೆ, ಏಕೆಂದರೆ ಶಾಸಕರ ಸಿದ್ಧತೆ ಬೆಳಕಿಗೆ ಬರುವುದು ಅಲ್ಲಿಯೇ. ಲಿಖಿತ ಉತ್ತರವನ್ನು ಅಧಿಕಾರಿಗಳು ಬರೆದಿರುತ್ತಾರೆ. ಪೂರಕ ಪ್ರಶ್ನೆಗೆ ಸಚಿವರು ತಾವೇ ಉತ್ತರಿಸಬೇಕು, ಅಧಿಕಾರಿಗಳ ಗ್ಯಾಲರಿಯಿಂದ ಚೀಟಿ ಬರುವಷ್ಟರಲ್ಲಿ ತಮ್ಮ ಇಲಾಖೆಯನ್ನು ಅವರು ಎಷ್ಟು ತಿಳಿದಿದ್ದಾರೆಂಬುದು ಎಲ್ಲರಿಗೂ ಗೊತ್ತಾಗಿರುತ್ತದೆ. ಹಾಳೆಯನ್ನು ಓದಿಕೊಂಡು ಬಂದ ಶಾಸಕರು, ‘ಅನುಬಂಧದ ಈ ಸಾಲಿನಲ್ಲಿ ವೈದ್ಯರಿದ್ದಾರೆ ಎಂದು ತೋರಿಸಿದ್ದೀರಿ, ಅವರು ನಿಯೋಜನೆಯ ಮೇಲೆ ಜಿಲ್ಲಾ ಕೇಂದ್ರದಲ್ಲಿದ್ದಾರೆ, ನಿಯೋಜನೆ ಯಾವಾಗ ರದ್ದಾಗುತ್ತದೆ?’ ಎಂದು ಒಂದೇ ಮಾತಿನಲ್ಲಿ ಕೇಳಿದರೆ ಅದಕ್ಕಿರುವ ಶಕ್ತಿ ಅರ್ಧ ಗಂಟೆಯ ಭಾಷಣಕ್ಕಿಲ್ಲ. ಬದಲಿಗೆ ಪ್ರಶ್ನೆಯನ್ನೇ ಭಾಷಣ ಮಾಡಿ, ಕೊನೆಗೆ ಸಚಿವರನ್ನು ಅಭಿನಂದಿಸಿ, ಒಂದಿಷ್ಟು ಅನುದಾನ ಬೇಡಿ ಕುಳಿತುಕೊಳ್ಳುವವರೂ ಇದ್ದಾರೆ. ಆ ನಿಮಿಷಗಳು ಪಟ್ಟಿಯಲ್ಲಿ ಮುಂದೆ ಕಾದಿದ್ದ ಇನ್ನೊಬ್ಬ ಸದಸ್ಯರ ಕ್ಷೇತ್ರದಿಂದ ಕಸಿದುಕೊಂಡವು.

ಸದನದಲ್ಲಿ ಸಚಿವರು ‘ಮೂರು ತಿಂಗಳಲ್ಲಿ ಮಾಡಿಸಿಕೊಡುತ್ತೇನೆ’ ಎಂದರೆ ಆ ಮಾತು ಗಾಳಿಗೆ ಹೋಗುವುದಿಲ್ಲ. ಅಂಥ ಮಾತುಗಳನ್ನು ಕಲೆಹಾಕಿ, ಈಡೇರಿವೆಯೇ ಎಂದು ನೋಡಲು ಸರ್ಕಾರಿ ಭರವಸೆಗಳ ಸಮಿತಿ ಎಂಬುದೊಂದಿದೆ. ಈ ಸಮಿತಿಯ ಹೆಸರು ಸುದ್ದಿಯಲ್ಲಿ ಕಾಣುವುದು ಅಪರೂಪ. ಆದರೂ ಸದನದ ಪ್ರಶ್ನೆಗೂ ಪತ್ರದ ಮೇಲಿನ ಷರಾಕ್ಕೂ ಇರುವ ದೊಡ್ಡ ಅಂತರ ಇದೇ ಎಂದು ನಾನು ಭಾವಿಸುತ್ತೇನೆ: ಷರಾ ಬರೆದ ಸಚಿವರು ಬದಲಾದರೆ ಷರಾ ಸತ್ತಂತೆ, ಭರವಸೆ ಮಾತ್ರ ಇಲಾಖೆಯ ತಲೆಯ ಮೇಲೆ ಉಳಿಯುತ್ತದೆ. ಪ್ರಶ್ನೆಗೆ ದಕ್ಕದ ದೊಡ್ಡ ವಿಷಯಗಳಿಗೆ ಬೇರೆ ಬಾಗಿಲುಗಳೂ ಇವೆ. ಕರ್ನಾಟಕ ವಿಧಾನಸಭೆಯಲ್ಲಿ ನಿಯಮ 73ರ ಗಮನ ಸೆಳೆಯುವ ಸೂಚನೆ, ನಿಯಮ 69ರ ಚರ್ಚೆ, ಉಳಿದ ಕಲಾಪ ಬದಿಗಿಟ್ಟು ತುರ್ತು ವಿಷಯ ಚರ್ಚಿಸಲು ಕೋರುವ ನಿಯಮ 60ರ ನಿಲುವಳಿ ಸೂಚನೆ ಇವುಗಳ ಹೆಸರನ್ನು ಅಧಿವೇಶನದ ವರದಿಗಳಲ್ಲಿ ಎಲ್ಲರೂ ಓದಿರುತ್ತೀರಿ.

‘ನಮ್ಮವರು ಆಡಳಿತ ಪಕ್ಷದವರು, ತಮ್ಮದೇ ಸರ್ಕಾರವನ್ನು ಹೇಗೆ ಕೇಳುತ್ತಾರೆ?’ ಎಂಬ ಮಾತೂ ಜೊತೆಗೆ ಬರುತ್ತದೆ. ವಿಧಾನಸಭೆಯ 224 ಸದಸ್ಯರಲ್ಲಿ ಮುಖ್ಯಮಂತ್ರಿಯೂ ಸೇರಿ 34ಕ್ಕಿಂತ ಹೆಚ್ಚು ಮಂದಿ ಸಚಿವರಾಗುವಂತಿಲ್ಲ. 2003ರ ಸಂವಿಧಾನ ತಿದ್ದುಪಡಿ ಹಾಕಿದ ಮಿತಿ ಅದು. ಉಳಿದವರೆಲ್ಲರೂ, ಯಾವ ಪಕ್ಷದವರೇ ಆಗಲಿ, ಪ್ರಶ್ನೆ ಕೇಳಬೇಕಾದವರೇ. ಪಕ್ಷಾಂತರ ನಿಷೇಧ ಕಾಯ್ದೆಯ ಭಯವನ್ನು ಇಲ್ಲಿಗೆ ತರಬೇಕಾಗಿಲ್ಲ, ಏಕೆಂದರೆ ಅದು ಪಕ್ಷದ ಆದೇಶ ಮೀರಿ ಮತ ಹಾಕುವುದರ ಬಗ್ಗೆ ಮಾತನಾಡುತ್ತದೆ, ಪ್ರಶ್ನೆ ಕೇಳುವುದರ ಬಗ್ಗೆ ಅಲ್ಲ. 1957ರ ಕೊನೆಯಲ್ಲಿ ಜೀವವಿಮಾ ನಿಗಮದ ಹಣವನ್ನು ಉದ್ಯಮಿ ಹರಿದಾಸ್ ಮುಂಧ್ರಾ ಅವರ ಕಂಪನಿಗಳ ಷೇರುಗಳಲ್ಲಿ ತೊಡಗಿಸಿದ್ದನ್ನು ಲೋಕಸಭೆಯಲ್ಲಿ ಪ್ರಶ್ನಿಸಿದ ಫಿರೋಜ್ ಗಾಂಧಿ ಆಡಳಿತ ಪಕ್ಷದವರೇ ಆಗಿದ್ದರು. ಅದರ ಫಲವಾಗಿ 1958ರಲ್ಲಿ ಹಣಕಾಸು ಸಚಿವ ಟಿ.ಟಿ. ಕೃಷ್ಣಮಾಚಾರಿ ರಾಜೀನಾಮೆ ನೀಡಬೇಕಾಯಿತು.

ಪ್ರಶ್ನೆಯ ಹಕ್ಕು ದುರುಪಯೋಗವಾಗುವುದೇ ಇಲ್ಲವೆಂದು ನಾನು ಹೇಳಲಾರೆ. ಹಣ ಪಡೆದು ಪ್ರಶ್ನೆ ಕೇಳಲು ಒಪ್ಪಿದ ಪ್ರಕರಣದಲ್ಲಿ 2005ರ ಡಿಸೆಂಬರ್‌ನಲ್ಲಿ 11 ಸಂಸದರನ್ನು ಸದಸ್ಯತ್ವದಿಂದ ಹೊರಹಾಕಲಾಯಿತು. ಕ್ಷೇತ್ರಕ್ಕೆ ಸಂಬಂಧವೇ ಇಲ್ಲದ ಟೆಂಡರ್ ಒಂದರ ಬಗ್ಗೆ ಶಾಸಕರು ಬಿಡದೆ ಕೇಳುತ್ತಿದ್ದರೆ ಓದುಗರು ಅದನ್ನು ಗಮನಿಸಬೇಕು. ಆದರೆ ಅದಕ್ಕಿಂತ ನಿತ್ಯದ ನಷ್ಟವೆಂದರೆ ಸದನ ನಡೆಯದಿರುವುದು. ಎರಡು ಅಧಿವೇಶನಗಳ ನಡುವೆ ಆರು ತಿಂಗಳು ಮೀರಬಾರದೆಂದು ಸಂವಿಧಾನದ 174ನೇ ವಿಧಿ ಹೇಳುತ್ತದೆಯೇ ಹೊರತು ಎಷ್ಟು ದಿನ ಸೇರಬೇಕೆಂದು ಹೇಳುವುದಿಲ್ಲ. ಆ ಕೊರತೆ ತುಂಬಲೆಂದು ಕರ್ನಾಟಕ 2005ರಲ್ಲಿ ತನ್ನದೇ ಕಾಯ್ದೆ ಮಾಡಿ ವರ್ಷಕ್ಕೆ ಕನಿಷ್ಠ 60 ದಿನ ಸದನ ನಡೆಯಬೇಕೆಂದು ಬರೆದುಕೊಂಡಿತು. ಅಷ್ಟು ದಿನ ಮುಟ್ಟದ ವರ್ಷಗಳೇ ಹೆಚ್ಚು. ಇದ್ದ ದಿನಗಳಲ್ಲೂ ಸಭಾಧ್ಯಕ್ಷರ ಪೀಠದ ಮುಂದೆ ಧರಣಿ ನಡೆದು ಪ್ರಶ್ನೋತ್ತರ ಕಲಾಪ ಮೊಟಕಾದರೆ, ಲಿಖಿತ ಉತ್ತರಗಳು ಮೇಜಿನ ಮೇಲೆ ಬರುತ್ತವೆ, ಪೂರಕ ಪ್ರಶ್ನೆಗಳು ಮಾತ್ರ ಕೇಳದೆಯೇ ಉಳಿಯುತ್ತವೆ. ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ನಡೆಯುವ ಅಧಿವೇಶನದಲ್ಲಿ ಹೀಗಾದಾಗ ಹೆಚ್ಚು ಬೇಸರವಾಗುತ್ತದೆ. 2002ರ ನಂಜುಂಡಪ್ಪ ಸಮಿತಿ ಗುರುತಿಸಿದ 114 ಹಿಂದುಳಿದ ತಾಲ್ಲೂಕುಗಳ ಪೈಕಿ ಅತ್ಯಂತ ಹಿಂದುಳಿದ 39ರಲ್ಲಿ ಹೆಚ್ಚಿನವು ಉತ್ತರ ಕರ್ನಾಟಕದವು, ಅವುಗಳ ಮಾತು ಕೇಳಲೆಂದೇ ಅಲ್ಲಿಗೆ ಹೋಗಿರುತ್ತಾರೆ.

ಮಾಹಿತಿ ಹಕ್ಕು ಇರುವಾಗ ಶಾಸಕರೇ ಏಕೆ ಕೇಳಬೇಕು ಎನ್ನುವವರಿಗೆ ಒಂದು ಮಾತು. 2005ರ ಆ ಕಾಯ್ದೆಯ ಎಂಟನೇ ಪ್ರಕರಣದಲ್ಲಿ, ಸಂಸತ್ತಿಗೆ ಅಥವಾ ವಿಧಾನಮಂಡಲಕ್ಕೆ ನಿರಾಕರಿಸಲಾಗದ ಮಾಹಿತಿಯನ್ನು ಯಾವ ವ್ಯಕ್ತಿಗೂ ನಿರಾಕರಿಸಬಾರದು ಎಂಬ ಸಾಲಿತ್ತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ತಂದ ತಿದ್ದುಪಡಿಯಲ್ಲಿ ಅದು ಹೋಯಿತು. ನಾಗರಿಕರ ಕೈಗೆ ಸಿಗುವ ಮಾಹಿತಿ ಕಿರಿದಾದಷ್ಟೂ ಶಾಸಕರ ಪ್ರಶ್ನೆಯ ಹೊಣೆ ಹಿರಿದಾಗುತ್ತದೆ.

ಹಾಗಾದರೆ ಓದುಗರು ಮಾಡಬಹುದಾದದ್ದೇನು? ಮೊದಲು ವಿಷಯ ಯಾರಿಗೆ ಸೇರಿದ್ದೆಂದು ನೋಡಿಕೊಳ್ಳಿ. ಬೀದಿದೀಪ ಗ್ರಾಮಸಭೆಯಲ್ಲಿ ಕೇಳಬೇಕಾದದ್ದು, ರೈಲು ನಿಲುಗಡೆ ಸಂಸದರಿಂದ ಕೇಳಿಸಬೇಕಾದದ್ದು. ಇವನ್ನು ರಾಜ್ಯದ ಸಚಿವರ ಮುಂದಿಟ್ಟರೆ ‘ಉದ್ಭವಿಸುವುದಿಲ್ಲ’ ಎಂಬ ಒಂದೇ ಪದ ಉತ್ತರವಾಗಿ ಬರಬಹುದು. ಶಾಸಕರಿಗೆ ಮನವಿ ಕೊಡುವಾಗ ‘ಸಮಸ್ಯೆ ಬಗೆಹರಿಸಿಕೊಡಿ’ ಎಂದಷ್ಟೇ ಬರೆಯದೆ, ಕೇಳಬೇಕಾದ ಪ್ರಶ್ನೆಯನ್ನೇ (ಅ), (ಆ), (ಇ) ಎಂದು ಬಿಡಿಸಿ ಬರೆದುಕೊಡಿ, ಅಧಿವೇಶನ ಶುರುವಾಗುವ ಮೊದಲೇ ಕೊಡಿ, ಏಕೆಂದರೆ ಪ್ರಶ್ನೆಗೆ ಮುಂಗಡ ಸೂಚನೆ ಬೇಕು. ಉತ್ತರ ಬಂದ ಮೇಲೆ ಅದರ ಪ್ರತಿ ಕೇಳಿ ಪಡೆದು ಅನುಬಂಧವನ್ನು ನಿಮ್ಮ ಊರಿನ ಸಾಲಿಗೆ ಬೆರಳಿಟ್ಟು ಓದಿ. ಹಾಳೆಯಲ್ಲಿ ಭರ್ತಿಯಾದ ಹುದ್ದೆ ಊರಿನಲ್ಲಿ ಖಾಲಿ ಇದ್ದರೆ, ದಿನಾಂಕ ಸಹಿತ ಶಾಸಕರಿಗೆ ಬರೆದು ತಿಳಿಸಿ. ಸದನಕ್ಕೆ ತಪ್ಪು ಉತ್ತರ ಬಂದಿದೆಯೆಂದು ಸಭಾಧ್ಯಕ್ಷರ ಗಮನಕ್ಕೆ ತರಲು ಅವರಿಗೆ ಬೇಕಾಗುವ ಆಧಾರ ಅದೇ.