ಗೌರಿ ಹೂವಿನ ಕೆಂಪಿಗೆ ಮೊದಲು ಹಸಿರನ್ನು ಆರಿಸಿ

ಮಳೆಗಾಲ ಹಿಡಿದ ಮೇಲೆ ತೀರ್ಥಹಳ್ಳಿ, ಹೊಸನಗರದ ಕಡೆಯ ಬೇಲಿಗಳಲ್ಲಿ ಗೌರಿ ಹೂವು ಕಾಣಿಸಿಕೊಳ್ಳುತ್ತದೆ. ಅದನ್ನು ಇದ್ದ ಹಾಗೆಯೇ ಬಟ್ಟೆಯ ಮೇಲೆ ಕಸೂತಿಯಲ್ಲಿ ತರಲು ಹೊರಟವರು ಸಾಮಾನ್ಯವಾಗಿ ಅಂಗಡಿಯಲ್ಲಿ ಮೊದಲು ಕೇಳುವುದು ಒಂದು ಒಳ್ಳೆಯ ಕೆಂಪು ನೂಲನ್ನು ಮತ್ತು ಒಂದು ಒಳ್ಳೆಯ ಹಳದಿ ನೂಲನ್ನು. ನಾನು ಹಸಿರಿನಿಂದ ಆರಂಭಿಸುತ್ತೇನೆ. ಅದಕ್ಕೂ ಮೊದಲು ಹೊಲಿಗೆ ಯಾವ ದಿಕ್ಕಿಗೆ ಹರಿಯಬೇಕೆಂಬುದನ್ನು ಪೆನ್ಸಿಲ್ಲಿನಲ್ಲಿ ಗುರುತು ಮಾಡಿಕೊಳ್ಳುತ್ತೇನೆ.

ಈ ಹೂವಿನ ಬಣ್ಣ ಒಂದೇ ಕಡೆ ನಿಲ್ಲುವುದಿಲ್ಲ. ತಲೆ ತಗ್ಗಿಸಿದ ಮೊಗ್ಗು ಹಸಿರಾಗಿರುತ್ತದೆ. ಬಿರಿಯುತ್ತಿದ್ದಂತೆ ಅಂಚು ಸುಕ್ಕುಗಟ್ಟಿದ ಆರು ಎಸಳುಗಳು ಹಿಂದಕ್ಕೆ ಮಡಚಿಕೊಂಡು ಮೇಲ್ಮುಖವಾಗಿ ನಿಲ್ಲುತ್ತವೆ. ಆಗ ಎಸಳಿನ ಬುಡ ಹಸಿರು ಬೆರೆತ ಹಳದಿ, ತುದಿ ಕೆಂಪು. ದಿನ ಕಳೆದಂತೆ ಆ ಕೆಂಪು ಬುಡದವರೆಗೆ ಇಳಿದು ಇಡೀ ಎಸಳನ್ನು ಆವರಿಸುತ್ತದೆ. ಹಾಗಾಗಿ ಎಷ್ಟು ದಿನದ ಹೂವನ್ನು ಹೊಲಿಯುತ್ತೇವೆ ಎಂಬುದನ್ನು ತೀರ್ಮಾನಿಸದೆ ನೂಲು ಕೊಳ್ಳುವುದರಲ್ಲಿ ಅರ್ಥವಿಲ್ಲ. ಅರ್ಧ ಕೆಂಪಾದ ಹೂವಿಗೆ ಹಸಿರು ಹಳದಿ, ಹಳದಿ, ಕಿತ್ತಳೆ, ಕೆಂಪು, ಕಡುಗೆಂಪು ಹೀಗೆ ಐದು ಬಣ್ಣಗಳು ಬೇಕಾಗುತ್ತವೆ. ಇವುಗಳಲ್ಲಿ ಕಿತ್ತಳೆಯನ್ನು ಬಿಡಲೇಬಾರದು. ಅದಿಲ್ಲದಿದ್ದರೆ ಹಳದಿ ಮತ್ತು ಕೆಂಪು ಒಂದರೊಳಗೊಂದು ಕರಗದೆ ಎರಡು ಪಟ್ಟೆಗಳಾಗಿಯೇ ಉಳಿಯುತ್ತವೆ.

ಎಸಳಿಗೆ ತಕ್ಕ ಹೊಲಿಗೆ ಲಾಂಗ್ ಅಂಡ್ ಶಾರ್ಟ್, ಅಂದರೆ ಉದ್ದ ಮತ್ತು ಗಿಡ್ಡ ಹೊಲಿಗೆಗಳನ್ನು ಬೆರೆಸಿ ಸಾಲು ಸಾಲಾಗಿ ತುಂಬುವುದು. ಮೊದಲು ಒಂದೇ ಎಳೆಯಲ್ಲಿ ಎಸಳಿನ ಸುತ್ತ ಸ್ಪ್ಲಿಟ್ ಸ್ಟಿಚ್ (ಹಿಂದಿನ ಹೊಲಿಗೆಯ ನೂಲನ್ನು ಸೀಳುತ್ತ ಸಾಗುವ ಗೆರೆ ಹೊಲಿಗೆ) ಹಾಕಿ, ಆ ಗೆರೆಯನ್ನು ಮುಚ್ಚುವಂತೆ ಮೊದಲ ಸಾಲನ್ನು ಹೊಲಿದರೆ ಅಂಚು ತುಸು ಉಬ್ಬಿ, ಸುಕ್ಕು ಸ್ಪಷ್ಟವಾಗಿ ಕಾಣುತ್ತದೆ. ಎರಡನೆಯ ಸಾಲಿನಲ್ಲಿ ಸೂಜಿಯು ಮೊದಲ ಸಾಲಿನ ನೂಲನ್ನು ಸೀಳಿಕೊಂಡು ಮೇಲೆ ಬರಬೇಕು ಮತ್ತು ಹೊಲಿಗೆಗಳ ಉದ್ದ ಒಂದೇ ಸಮನಾಗಿರಬಾರದು. ಎಲ್ಲ ಹೊಲಿಗೆಗಳೂ ಎಸಳಿನ ಬುಡದ ಕಡೆಗೇ ಮುಖ ಮಾಡಿರಬೇಕು. ಕಸೂತಿಯ ಹತ್ತಿ ನೂಲಿಗೆ ಹೊಳಪಿರುವುದರಿಂದ, ಹೊಲಿಗೆಯ ದಿಕ್ಕು ಬದಲಾದರೆ ಬೆಳಕು ಬೇರೆ ರೀತಿಯಲ್ಲಿ ಬಿದ್ದು ಒಂದೇ ನೂಲು ಎರಡು ಬಣ್ಣವಾಗಿ ತೋರುತ್ತದೆ. ಎಸಳು ಮಡಚಿದ ಜಾಗದಲ್ಲಿ ಇದು ಬಹಳ ಉಪಕಾರಿ: ಅಲ್ಲಿ ಬಣ್ಣ ಬದಲಿಸದೆ ದಿಕ್ಕನ್ನಷ್ಟೇ ಓರೆ ಮಾಡಿದರೂ ಮಡಿಕೆ ಎದ್ದು ನಿಲ್ಲುತ್ತದೆ. ದಿಕ್ಕನ್ನು ಮೊದಲೇ ಗುರುತು ಮಾಡಿಕೊಳ್ಳುವುದು ಈ ಕಾರಣಕ್ಕೆ.

ಇನ್ನು ಹಸಿರು. ಪ್ಯಾರಿಸ್ಸಿನ ಗೋಬೆಲಿನ್ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣಗಾರಿಕೆಯ ಮೇಲ್ವಿಚಾರಕರಾಗಿದ್ದ ರಸಾಯನಶಾಸ್ತ್ರಜ್ಞ ಷೆವ್ರಲ್ ಅವರು, ಅಲ್ಲಿಯ ಕಪ್ಪು ನೂಲು ಮಂಕಾಗಿ ಕಾಣುತ್ತದೆ ಎಂಬ ದೂರನ್ನು ಪರಿಶೀಲಿಸಿ, ದೋಷ ಬಣ್ಣದಲ್ಲಿಲ್ಲ, ಪಕ್ಕದಲ್ಲಿರುವ ಬಣ್ಣಗಳ ಪ್ರಭಾವದಲ್ಲಿದೆ ಎಂದು ಕಂಡುಕೊಂಡರು. 1839ರಲ್ಲಿ ಅದನ್ನು ನಿಯಮವಾಗಿ ಪ್ರಕಟಿಸಿದರು. ಕೆಂಪಿನ ಪಕ್ಕದಲ್ಲಿ ಹಸಿರಿದ್ದರೆ ಕೆಂಪು ಇನ್ನಷ್ಟು ಕೆಂಪಾಗುತ್ತದೆ, ಹಸಿರು ಇನ್ನಷ್ಟು ಹಸಿರಾಗುತ್ತದೆ. ಆದ್ದರಿಂದ ಗಿಳಿಹಸಿರನ್ನು ತಂದು ಕೆಂಪಿನ ಪಕ್ಕದಲ್ಲಿಟ್ಟರೆ ಎರಡೂ ಕಣ್ಣಿಗೆ ಹೊಡೆಯುತ್ತವೆ. ಎಲೆಗೆ ಬೂದು ಅಥವಾ ಕಂದು ಬೆರೆತಂತಿರುವ ಮಾಸಲು ಹಸಿರನ್ನು ಆರಿಸಿ. ಲಡಿಯಲ್ಲಿ ನೋಡುವಾಗ ಅದು ಸಪ್ಪೆ ಎನಿಸಿದರೂ ಹೂವಿನ ಪಕ್ಕದಲ್ಲಿ ತನ್ನಷ್ಟಕ್ಕೆ ಜೀವ ಪಡೆಯುತ್ತದೆ. ಹಸಿರು ನಿಶ್ಚಯವಾದ ಮೇಲೆ ಅದರ ಪಕ್ಕದಲ್ಲಿಟ್ಟೇ ಕೆಂಪನ್ನು ಆರಿಸಬೇಕು. ಆಗ ಮೊದಲು ಅಂದುಕೊಂಡದ್ದಕ್ಕಿಂತ ಒಂದು ಮೆಟ್ಟಿಲು ತಿಳಿಯಾದ ಕೆಂಪೇ ಸಾಕಾಗುವುದುಂಟು.

ಎಲೆಗೆ ಫಿಶ್‌ಬೋನ್ ಹೊಲಿಗೆ (ಎರಡೂ ಬದಿಯಿಂದ ಓರೆಯಾಗಿ ಬಂದು ನಡುಗೆರೆಯಲ್ಲಿ ಹೆಣೆದುಕೊಳ್ಳುವುದು) ಚೆನ್ನ. ಗೌರಿ ಹೂವಿನ ಎಲೆಯ ತುದಿಯೇ ಸುರುಳಿಗೊಂಡು ಆಸರೆಯನ್ನು ಹಿಡಿಯುವ ಕುಡಿಯಾಗುತ್ತದೆ. ಎಲೆಯ ಹೊಲಿಗೆಯ ತುದಿಯಿಂದಲೇ ಕುಡಿಯನ್ನು ಒಂದೇ ಎಳೆಯ ಸ್ಟೆಮ್ ಸ್ಟಿಚ್ಚಿನಲ್ಲಿ (ದಂಟಿಗೆ ಹಾಕುವ ಹುರಿಯಂಥ ಗೆರೆ ಹೊಲಿಗೆ) ಮುಂದುವರಿಸಿದರೆ ಅದು ಎಲೆಯಿಂದಲೇ ಹೊರಟಂತೆ ಕಾಣುತ್ತದೆ. ಕೇಸರಗಳು ಆರು, ಸುತ್ತಲೂ ಚಾಚಿಕೊಂಡಿರುತ್ತವೆ. ಅವುಗಳ ತುದಿಗೆ ಫ್ರೆಂಚ್ ನಾಟ್ ಎಂಬ ದುಂಡನೆಯ ಗಂಟು ಹಾಕುವ ರೂಢಿಯಿದೆ, ಆದರೆ ಇಲ್ಲಿಯ ಪರಾಗಕೋಶ ದುಂಡಗಿಲ್ಲ, ಉದ್ದಕ್ಕಿದೆ. ಸೂಜಿಗೆ ನೂಲನ್ನು ಹಲವು ಸುತ್ತು ಸುತ್ತಿ ಮಾಡುವ ಉದ್ದನೆಯ ಗಂಟು, ಪುಟ್ಟ ಬುಲಿಯನ್ ನಾಟ್, ಅದಕ್ಕೆ ಸರಿಹೊಂದುತ್ತದೆ.

ಸೀತಾಳೆ ದಂಡೆಯದು ಬೇರೆಯೇ ಕಷ್ಟ. ಮರದ ಕೊಂಬೆಯಿಂದ ಜಡೆಯಂತೆ ಇಳಿಬೀಳುವ ಈ ಸೀತಾಳೆಯ (ಆರ್ಕಿಡ್) ಹೂಗಳು ಬಿಳಿ, ಮೇಲೆ ನೇರಳೆಗೆಂಪಿನ ಚುಕ್ಕಿಗಳು. ಬಿಳಿ ಬಟ್ಟೆಯ ಮೇಲೆ ಬಿಳಿ ನೂಲಿನಲ್ಲಿ ಹೊಲಿದರೆ ಚುಕ್ಕಿಗಳಷ್ಟೇ ಉಳಿಯುತ್ತವೆ. ಎಸಳಿನ ಬುಡಕ್ಕೆ ತಿಳಿ ಬೂದು, ನೆರಳಿನ ಕಡೆಗೆ ತೀರಾ ತಿಳಿಯಾದ ಹಸಿರು ಕೊಟ್ಟು, ಅಚ್ಚ ಬಿಳಿಯನ್ನು ಬೆಳಕು ಬೀಳುವ ಅಂಚಿಗಷ್ಟೇ ಉಳಿಸಿಕೊಳ್ಳಬೇಕು. ಚುಕ್ಕಿಗೆ ಗಂಟು ಬೇಡ. ಹೂವಿನಲ್ಲಿ ಅದು ಉಬ್ಬಿರುವುದಿಲ್ಲ. ಎಸಳಿನ ಹೊಲಿಗೆಯ ಮೇಲೆಯೇ, ಅದೇ ದಿಕ್ಕಿನಲ್ಲಿ, ಒಂದೇ ಎಳೆಯ ಚಿಕ್ಕ ಚಿಕ್ಕ ಹೊಲಿಗೆ ಸಾಕು. ಸಾಗರ ತಾಲ್ಲೂಕಿನ ಭೀಮನಕೋಣೆಯ ಚರಕ ಸಂಸ್ಥೆಯ ಕೈಮಗ್ಗದ ಬಟ್ಟೆಗಳಲ್ಲಿ ಅಡಿಕೆ ಚೊಗರಿನ (ಅಡಿಕೆ ಬೇಯಿಸಿ ಉಳಿದ ಕೆಂಪು ರಸದ) ಬಣ್ಣದ್ದು ಸಿಕ್ಕಿದರೆ ಈ ಹೂವನ್ನು ಅದರ ಮೇಲೆ ಹೊಲಿಯಲು ನಾನು ಖಂಡಿತವಾಗಿ ಹೇಳುತ್ತೇನೆ, ಏಕೆಂದರೆ ಆ ಕೆಂಗಂದು ಹಿನ್ನೆಲೆ ಬಿಳಿಯನ್ನು ಎತ್ತಿ ಹಿಡಿಯುತ್ತದೆ.

ಅಂಗಳದ ಡೇರೆ ಹೂವಿಗೆ ಹಲವರು ಲೇಜಿ ಡೇಜಿ (ಎಸಳಿಗೊಂದು ಕುಣಿಕೆ ಹಾಕುವ ಹೊಲಿಗೆ) ಹಾಕುತ್ತಾರೆ. ಕರವಸ್ತ್ರಕ್ಕೆ ಅದು ಸೊಗಸು. ಆದರೆ ಅದು ಎಸಳಿನ ಹೊರಗೆರೆಯನ್ನಷ್ಟೇ ಕೊಡುವುದರಿಂದ, ಒತ್ತೊತ್ತಾಗಿ ಸುತ್ತಿಕೊಂಡ ಡೇರೆಯ ಎಸಳಿಗೆ ಒಳಗೆಲ್ಲ ಒತ್ತಾಗಿ ತುಂಬುವ ಸಾಟಿನ್ ಹೊಲಿಗೆಯೇ ಬೇಕು.

ನೂಲಿನ ಬಗ್ಗೆ ಕೆಲವು ಮಾತು. ಆ್ಯಂಕರ್ ಅಥವಾ ಡಿಎಂಸಿ ಕಂಪನಿಯ ಲಡಿಯ ನೂಲಿನಲ್ಲಿ ಆರು ಎಳೆಗಳಿರುತ್ತವೆ, ಉದ್ದ 8 ಮೀಟರ್. ಒಂದು ಮೊಳದಷ್ಟು ಕತ್ತರಿಸಿಕೊಂಡು ಎಳೆಗಳನ್ನು ಒಂದೊಂದಾಗಿ ಬಿಡಿಸಿ ತೆಗೆಯಬೇಕು. ಎರಡು ಎಳೆ ಬೇಕಾದಾಗಲೂ ಬಿಡಿಸಿ ಮತ್ತೆ ಜೋಡಿಸಿದರೆ ಹೊಲಿಗೆ ಸಪಾಟಾಗಿ ಕೂರುತ್ತದೆ. ಬಣ್ಣವನ್ನು ಅಂಗಡಿಯ ದೀಪದಲ್ಲಿ ನಿರ್ಧರಿಸಬೇಡಿ, ಬಾಗಿಲಾಚೆ ಹಗಲಿನ ಬೆಳಕಿಗೆ ಹಿಡಿದು ನೋಡಿ. ಕೆಂಪು ನೂಲಿನ ತುಂಡೊಂದನ್ನು ಒದ್ದೆ ಮಾಡಿ ಬಿಳಿ ಬಟ್ಟೆಯ ನಡುವೆ ಒತ್ತಿ, ಬಣ್ಣ ಬಿಡುವುದಿಲ್ಲವೆಂದು ಖಾತ್ರಿ ಮಾಡಿಕೊಳ್ಳಿ. ನಮ್ಮ ಮಳೆಗಾಲದ ತೇವದಲ್ಲಿ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟರೆ ತುಕ್ಕಿನ ಕಲೆ ಬೀಳುತ್ತದೆ ಮತ್ತು ಅದು ಹೋಗುವುದು ಬಲು ಕಷ್ಟ. ದಿನದ ಕೆಲಸ ಮುಗಿದೊಡನೆ ಸೂಜಿಯನ್ನು ತೆಗೆದಿಟ್ಟು, ಬಟ್ಟೆಯನ್ನು ಬಿಗಿಹಿಡಿಯುವ ರಿಂಗನ್ನೂ ಬಿಚ್ಚಿಡಿ. ಎಲ್ಲ ಮುಗಿದ ಮೇಲೆ ಇಸ್ತ್ರಿ ಮಾಡುವಾಗ ದಪ್ಪನೆಯ ಟವೆಲಿನ ಮೇಲೆ ಕಸೂತಿಯನ್ನು ಕೆಳಮುಖವಾಗಿಟ್ಟು ಹಿಂಬದಿಯಿಂದ ಒತ್ತಬೇಕು. ಇಲ್ಲವಾದರೆ ಅಂಚಿನ ಉಬ್ಬು ಚಪ್ಪಟೆಯಾಗುತ್ತದೆ.