ಬೇಸ್‌ಗೆ ಡ್ರೈವ್ ಹಾಕಿದರೆ ತಳ ಯಾಕೆ ಸೋರಿಹೋಗುತ್ತದೆ?

ಬೇಸ್ ಗಿಟಾರ್‌ನ ಇ ತಂತಿಯನ್ನು ಬಿಟ್ಟು ಮೀಟಿದರೆ 41 ಹರ್ಟ್ಸ್. ಐದು ತಂತಿಯದಾದರೆ ಬಿ ತಂತಿ 31ಕ್ಕೆ ಇಳಿಯುತ್ತದೆ. ಮಾಮೂಲಿ ಗಿಟಾರ್ ಶುರುವಾಗುವುದೇ 82ರಿಂದ. ಗಿಟಾರ್‌ಗೆಂದು ಮಾಡಿದ ಓವರ್‌ಡ್ರೈವ್ (ಸದ್ದನ್ನು ಬೇಕೆಂದೇ ಒಡೆದು ಗುರ್ರೆನಿಸುವ ಪೆಡಲ್, ಚಿಕ್ಕದಾಗಿ ಡ್ರೈವ್) ಬೇಸ್‌ಗೆ ಹಾಕಿದಾಗ ಸದ್ದು ತೆಳ್ಳಗಾಗಲು ಮೂಲ ಕಾರಣ ಇದೇ. ಟ್ಯೂಬ್ ಸ್ಕ್ರೀಮರ್ ಎಂಬ ಹೆಸರಾಂತ ಗಿಟಾರ್ ಓವರ್‌ಡ್ರೈವ್ ಬಗೆಯ ಸರ್ಕ್ಯೂಟ್‌ನಲ್ಲಿ ಸುಮಾರು 720 ಹರ್ಟ್ಸ್‌ಗಿಂತ ಕೆಳಗೆ ಹೋದಂತೆ ಗೇನ್ (ಸಿಗ್ನಲ್ಲನ್ನು ಹಿಗ್ಗಿಸುವ ಪ್ರಮಾಣ) ಕಡಿಮೆಯಾಗುತ್ತದೆ. ಅದು ದೋಷವಲ್ಲ, ಬೇಕೆಂದೇ ಮಾಡಿದ್ದು. ತಗ್ಗಿನ ಸ್ವರಗಳಿಗೆ ಬಲ ಜಾಸ್ತಿ. ಅವು ಮೊದಲು ಕ್ಲಿಪ್ ಆದರೆ, ಅಂದರೆ ಮಿತಿ ಮುಟ್ಟಿ ತುದಿ ಕತ್ತರಿಸಿಹೋದರೆ, ಮೇಲಿನದ್ದನ್ನೆಲ್ಲ ಎಳೆದುಕೊಂಡು ಸದ್ದು ಗೊಜ್ಜಾಗುತ್ತದೆ.

ಹಾಗಾಗಿ ಬೇಸ್‌ಗೆ ಪೆಡಲ್ ಆರಿಸುವಾಗ ನಾನು ಮೊದಲು ಹುಡುಕುವುದು ಬ್ಲೆಂಡ್ ನಾಬ್, ಅಂದರೆ ಕ್ಲೀನ್ ಸದ್ದನ್ನೂ ಡ್ರೈವ್ ಸದ್ದನ್ನೂ ಬೆರೆಸುವ ತಿರುಗುಗುಂಡಿ. ತಳ ಕ್ಲೀನ್ ಆಗಿಯೇ ಇರಲಿ, ಒಡೆದ ಸದ್ದಿನ ಕೊಳಕು ಮಿಡ್ಸ್‌ನಲ್ಲಿ, ಅಂದರೆ ನಡುವಿನ ಆವರ್ತನಗಳಲ್ಲಿ, ಇರಲಿ. ಸೆಟ್ ಮಾಡುವ ಕ್ರಮ ಹೀಗೆ: ಬ್ಲೆಂಡ್ ಪೂರ್ತಿ ಡ್ರೈವ್ ಕಡೆಗೆ ತಿರುಗಿಸಿ, ಡ್ರೈವ್ ನಾಬನ್ನು ಗಡಿಯಾರದ ಮುಳ್ಳಿನಂತೆ ಎಣಿಸಿ 9 ಗಂಟೆ ಜಾಗದಿಂದ ನಿಧಾನ ಏರಿಸಿ. ಮೆಲ್ಲಗೆ ನುಡಿಸಿದರೆ ಶುಭ್ರ, ಜೋರಾಗಿ ಮೀಟಿದರೆ ಗುರ್ರೆನ್ನುವ ಜಾಗದಲ್ಲಿ ನಿಲ್ಲಿಸಿ. ಆಮೇಲೆ ಬ್ಲೆಂಡನ್ನು ಪೂರ್ತಿ ಕ್ಲೀನ್‌ಗೆ ತಂದು, ಅಲ್ಲಿಂದ ಬೇಕಾದಷ್ಟೇ ಡ್ರೈವ್ ಬೆರೆಸಿ. ಕೊನೆಗೆ ಪೆಡಲ್ ಆನ್ ಮತ್ತು ಆಫ್ ಎರಡರಲ್ಲೂ ಸದ್ದಿನ ಮಟ್ಟ ಒಂದೇ ಇರುವಂತೆ ಲೆವೆಲ್ ಹೊಂದಿಸಿ. ಇದನ್ನು ಬಿಟ್ಟರೆ ಜೋರಾಗಿದ್ದದ್ದೇ ಚೆನ್ನಾಗಿದೆ ಎಂದು ಕಿವಿ ಮೋಸ ಹೋಗುತ್ತದೆ.

ಬೆರೆಸುತ್ತಾ ಹೋದಂತೆ ತಳ ಇನ್ನಷ್ಟು ಖಾಲಿಯಾದರೆ ಫೇಸ್ (ಅಲೆಗಳ ಏರಿಳಿತದ ಹೊಂದಾಣಿಕೆ) ಅನುಮಾನಿಸಿ. ಕ್ಲೀನ್ ಮತ್ತು ಡ್ರೈವ್ ಎರಡು ದಾರಿಯ ಸಿಗ್ನಲ್ ತಿರುವುಮುರುವಾಗಿ ಕೂಡಿದರೆ ಒಂದನ್ನೊಂದು ಅಳಿಸುತ್ತವೆ. ಬ್ಲೆಂಡ್ ಹೊರಗಿನ ಪೆಡಲ್‌ನದ್ದಾದರೆ ಅದರಲ್ಲಿ ಫೇಸ್ ಸ್ವಿಚ್ ಇರುವುದು ಒಳ್ಳೆಯದು.

ಪ್ರೀಆ್ಯಂಪ್‌ನ ಕೆಲಸ ಬೇರೆ. ಅದು ಆ್ಯಂಪಿಗೆ ಮುಂಚೆ ಸಿಗ್ನಲ್ಲನ್ನು ಹದ ಮಾಡುತ್ತದೆ. ಅದರ ಮುಖ್ಯ ಬಲ ಇಕ್ಯೂ (ಆವರ್ತನಗಳನ್ನು ಏರಿಸಿ ಇಳಿಸುವ ನಾಬ್‌ಗಳು) ಮತ್ತು ಡಿಐ (ನೇರ ಮಿಕ್ಸರ್‌ಗೆ ಕೊಡುವ ಔಟ್‌ಪುಟ್). 250 ಹರ್ಟ್ಸ್ ಸುತ್ತ ತುಸು ತಗ್ಗಿಸಿದರೆ ಗುಮ್ಮೆನ್ನುವುದು ಇಳಿಯುತ್ತದೆ. 800ರ ಹತ್ತಿರ ಏರಿಸಿದರೆ ಬ್ಯಾಂಡಿನ ಗದ್ದಲದಲ್ಲೂ ಸ್ವರ ಎದ್ದು ಕೇಳುತ್ತದೆ. 2ರಿಂದ 3 ಕಿಲೋಹರ್ಟ್ಸ್‌ನಲ್ಲಿ ಬೆರಳಿನ, ಪಿಕ್‌ನ ಏಟು ಇರುತ್ತದೆ. ಒಬ್ಬರೇ ಕೂತು ನುಡಿಸುವಾಗ ಮಿಡ್ಸ್ ಕಿತ್ತುಹಾಕುವ ಆಸೆ ಎಲ್ಲರಿಗೂ ಬರುತ್ತದೆ. ಡ್ರಮ್ಸ್, ಗಿಟಾರ್ ಸೇರಿದ ಕೂಡಲೇ ಬೇಸ್ ಮಾಯ! ಸೆಟ್ಟಿಂಗ್ ತೀರ್ಮಾನ ಬ್ಯಾಂಡಿನ ಜತೆಗೇ ಆಗಬೇಕು.

ಪೆಡಲ್‌ಗಳ ಸಾಲಿನಲ್ಲಿ ಕಂಪ್ರೆಸರ್ (ಜೋರು ಮೆಲುವಿನ ಅಂತರ ತಗ್ಗಿಸುವ ಪೆಡಲ್), ಓವರ್‌ಡ್ರೈವ್, ಕೊನೆಗೆ ಪ್ರೀಆ್ಯಂಪ್ ಇಟ್ಟು ಶುರು ಮಾಡಿ. ಕಂಪ್ರೆಸರ್ ಮುಂದಿದ್ದರೆ ಡ್ರೈವ್ ಸಮವಾಗಿ ಬೀಳುತ್ತದೆ, ಆದರೆ ಬೆರಳ ಬಲಕ್ಕೆ ತಕ್ಕಂತೆ ಗುರುಗುಟ್ಟುವ ಗುಣ ಕಡಿಮೆಯಾಗುತ್ತದೆ. ಆ ಗುಣವೇ ಬೇಕಾದರೆ ಕಂಪ್ರೆಸರನ್ನು ಡ್ರೈವ್ ಆದ ಮೇಲೆ ಹಾಕಿ. ಪ್ರೀಆ್ಯಂಪ್ ಪೆಡಲ್ಲನ್ನು ಆ್ಯಂಪಿನ ಮುಂದಿನ ಇನ್‌ಪುಟ್‌ಗೆ ಕೊಟ್ಟರೆ ಎರಡು ಇಕ್ಯೂ ಒಂದರ ಮೇಲೊಂದು ಕೂರುತ್ತವೆ. ಆ್ಯಂಪಿನ ಎಫೆಕ್ಟ್ಸ್ ರಿಟರ್ನ್ ಎಂಬ ಇನ್ನೊಂದು ಇನ್‌ಪುಟ್‌ಗೆ ಕೊಟ್ಟರೆ ಆ್ಯಂಪಿನ ಪ್ರೀಆ್ಯಂಪ್ ಪಕ್ಕಕ್ಕೆ ಸರಿಯುತ್ತದೆ, ಆಗ ಎಷ್ಟೋ ಆ್ಯಂಪ್‌ಗಳಲ್ಲಿ ಸದ್ದಿನ ಮಟ್ಟ ನಿರ್ಧಾರವಾಗುವುದು ಪ್ರೀಆ್ಯಂಪ್ ಪೆಡಲಿನ ಲೆವೆಲ್ ನಾಬ್‌ನಿಂದಲೇ. ಅದನ್ನು ತೀರಾ ಕೆಳಗಿಟ್ಟು ಶುರು ಮಾಡಿ.

ಡಿಐನಿಂದ ನೇರ ಮಿಕ್ಸರ್‌ಗೆ ಹೋದಾಗ ಡ್ರೈವ್ ಜೇನುಗೂಡು ಕೆದಕಿದಂತೆ ಕೇಳಿಸುವುದುಂಟು. ಸ್ಪೀಕರ್ ಕ್ಯಾಬಿನೆಟ್ ತಾನಾಗಿ ಮೊಟಕುಗೊಳಿಸುವ ಮೇಲಿನ ಭಾಗ ಅಲ್ಲಿ ಹಾಗೇ ಉಳಿದಿರುತ್ತದೆ. ಕ್ಯಾಬ್ ಸಿಮ್ಯುಲೇಷನ್ (ಕ್ಯಾಬಿನೆಟ್ಟಿನ ಸದ್ದನ್ನು ಅನುಕರಿಸುವ ಸೌಲಭ್ಯ) ಇದ್ದರೆ ಹಾಕಿ, ಇಲ್ಲದಿದ್ದರೆ 4ರಿಂದ 5 ಕಿಲೋಹರ್ಟ್ಸ್‌ನ ಮೇಲಿನದ್ದನ್ನು ಲೋ ಪಾಸ್ ಫಿಲ್ಟರ್‌ನಿಂದ ತಗ್ಗಿಸಿ. ಕ್ಯಾಬಿನೆಟ್ಟಿನಲ್ಲಿ ಟ್ವೀಟರ್ (ಎತ್ತರದ ಸದ್ದಿನ ಚಿಕ್ಕ ಸ್ಪೀಕರ್) ಇದ್ದರೆ ಅದನ್ನೂ ತಗ್ಗಿಸಿ. ಗುಂಯ್ ಎಂಬ ಹಮ್ ಬಂದರೆ ಡಿಐನ ಗ್ರೌಂಡ್ ಲಿಫ್ಟ್ ಸ್ವಿಚ್ ಒತ್ತಿ ನೋಡಿ.

ಇನ್ನು ಪವರ್. ಹೆಚ್ಚಿನ ಪೆಡಲ್‌ಗಳಿಗೆ 9 ವೋಲ್ಟ್, ಪ್ಲಗ್ಗಿನ ನಡುವಿನ ತುದಿ ನೆಗೆಟಿವ್. 18 ಎಂದು ಪೆಡಲ್ ಮೇಲೆ ಬರೆದಿದ್ದರೆ ಮಾತ್ರ 18. ಎಲ್ಲದರ ಮಿಲಿಆಂಪ್ ಕೂಡಿಸಿ, ಅಡಾಪ್ಟರ್ ಅದಕ್ಕಿಂತ ಹೆಚ್ಚು ಕೊಡುವಂತಿರಲಿ. ಡಿಜಿಟಲ್ ಪೆಡಲ್ ಮತ್ತು ಡ್ರೈವ್ ಎರಡಕ್ಕೂ ಒಂದೇ ಸರಪಳಿ ವೈರ್ ಹಾಕಿದಾಗ ಕೀರಲು ಸದ್ದು ಬಂದರೆ ಪ್ರತ್ಯೇಕ ಔಟ್‌ಪುಟ್‌ಗಳಿರುವ ಐಸೊಲೇಟೆಡ್ ಸಪ್ಲೈ ಬೇಕು. ಪೆಡಲ್ ಆಫ್ ಇದ್ದಾಗಲೂ ಸದ್ದು ಒಡೆಯುತ್ತಿದೆಯೇ? ಆ್ಯಕ್ಟಿವ್ ಬೇಸ್ ಆಗಿದ್ದರೆ ಮೊದಲು ಅದರೊಳಗಿನ 9 ವೋಲ್ಟ್ ಬ್ಯಾಟರಿ ಬದಲಿಸಿ.